ತಟ್ಟೆ ಬಿಟ್ಟ ಬೆಕ್ಕು

ಸಾಕುಪ್ರಾಣಿಗಳಲ್ಲೆಲ್ಲ ಶುಚಿಗೆ ಹೆಸರಾದುದು ಬೆಕ್ಕು. ಎಚ್ಚರವಾಗಿರುವ ಹೊತ್ತಿನ ದೊಡ್ಡ ಪಾಲನ್ನು ಅದು ಮೈ ನೆಕ್ಕಿ ಒಪ್ಪಮಾಡಿಕೊಳ್ಳುವುದರಲ್ಲಿಯೇ ಕಳೆಯುತ್ತದೆ. ನಾಯಿ ಸಾಕಿದವರಂತೆ ಬೆಕ್ಕು ಸಾಕಿದವರು ಬೆಳಗಾಗುವ ಮುನ್ನ ಎದ್ದು, ಕೈಯಲ್ಲಿ ಸರಪಳಿ ಹಿಡಿದು, ಬೀದಿಯ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ನಡೆಯಬೇಕಾದ ಪ್ರಮೇಯವಿಲ್ಲ. ಮನೆಯ ಒಂದು ಮೂಲೆಯಲ್ಲಿ ತಟ್ಟೆಯಷ್ಟು ಮರಳನ್ನಿಟ್ಟರೆ ಸಾಕು. ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ. ಹಿತ್ತಿಲಿಲ್ಲದ, ಅಂಗಳವಿಲ್ಲದ ಮೂರನೆಯ ಅಂತಸ್ತಿನ ಮನೆಗಳಲ್ಲಿ ಸಂಸಾರ ಹೂಡಿದವರು ಬೆಕ್ಕಿಗೆ ಒಲಿದುದು ಮುಖ್ಯವಾಗಿ ಈ ಒಂದು ಗುಣಕ್ಕಾಗಿ.

ಆದುದರಿಂದಲೇ ಆ ಬೆಕ್ಕು ಒಂದು ದಿನ ತಟ್ಟೆಯನ್ನು ಬಿಟ್ಟು, ಅಜ್ಜಿಯ ಹಾಸಿಗೆಯ ಮೇಲೋ ಇಸ್ತ್ರಿಗೆಂದು ಮಡಿಸಿಟ್ಟ ಬಟ್ಟೆಯ ಮೇಲೋ ತನ್ನ ಕಾರ್ಯವನ್ನು ಮುಗಿಸಿತೆಂದರೆ ಮನೆಯಲ್ಲಿ ಉಂಟಾಗುವ ತಳಮಳ ಸಾಮಾನ್ಯವಾದುದಲ್ಲ. ಮೊದಲ ದಿನ ಆಶ್ಚರ್ಯ, ಎರಡನೆಯ ದಿನ ಅಸಹ್ಯ, ಮೂರನೆಯ ದಿನ ಸಭೆ. "ನಿನ್ನೆ ಅದನ್ನು ಒಂಟಿಯಾಗಿ ಬಿಟ್ಟು ಸಿನಿಮಾಕ್ಕೆ ಹೋದೆವಲ್ಲ, ಅದರ ಸಿಟ್ಟು" ಎನ್ನುತ್ತಾನೆ ಮಗ. "ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ, ಕೊಬ್ಬು" ಎನ್ನುತ್ತಾರೆ ಯಜಮಾನರು. "ಹೊಸ ಹಾಸಿಗೆ ಕಣೇ, ಮೊನ್ನೆ ತಾನೇ ಹೊಲಿಸಿದ್ದು. ಬೇಕೆಂದೇ ಮಾಡಿದೆ ಅದು" ಎಂದು ಅಜ್ಜಿ ಸೊಸೆಯ ಕಡೆಗೆ ತಿರುಗುತ್ತಾರೆ. ಬೆಕ್ಕನ್ನು ಮನೆಗೆ ತಂದವಳು ಸೊಸೆಯೇ ಆಗಿದ್ದಲ್ಲಿ ಆ ಮಾತಿಗೆ ಎರಡು ಅರ್ಥ. ಆರೋಪಿಯು ಈ ನಡುವೆ ಬೀರುವಿನ ಮೇಲೆ ಕುಳಿತು ಪಂಜ ನೆಕ್ಕಿಕೊಳ್ಳುತ್ತಿರುತ್ತದೆ.

ಇಂಥ ಸಭೆಗಳು ಕೊಡುವ ತೀರ್ಪು ಬಹಳ ಹಳೆಯದು. ಹಿಂದೆ ಹಳ್ಳಿಗಳಲ್ಲಿ ಹಾಲು ಕದ್ದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುತ್ತಿದ್ದರು. ಎರಡು ದಿನ ಕಳೆದು ಅದು ಹಿತ್ತಿಲ ಬಾಗಿಲಲ್ಲಿ ಪ್ರತ್ಯಕ್ಷವಾಗುತ್ತಿದ್ದುದೂ ಉಂಟು. ಇಂದು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮೀನಿನ ಮಾರುಕಟ್ಟೆಯ ಹತ್ತಿರ ಬಿಡುತ್ತಾರೆ. ಅಲ್ಲಿ ಮೀನಿನ ತಲೆಗೆ ಕೊರತೆಯಿಲ್ಲ ಎಂಬುದು ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ. ಹುಟ್ಟಿದಂದಿನಿಂದ ಮಹಡಿ ಮನೆಯೊಳಗೇ ಬೆಳೆದ ಪ್ರಾಣಿಗೆ ನಾಯಿಗಳು, ವಾಹನಗಳು, ಅಲ್ಲಿಯೇ ಬೀಡುಬಿಟ್ಟಿರುವ ದಾಂಡಿಗ ಬೆಕ್ಕುಗಳು, ಇವುಗಳ ನಡುವೆ ಬದುಕುವ ವಿದ್ಯೆ ತಿಳಿದಿರುವುದಿಲ್ಲ. ಹಸಿವು ನೀರಡಿಕೆಗಳಿಂದ ನರಳುವ ಸಂಭವವಿರುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧವೂ ಹೌದು. ಕಾಯಿದೆಯ ಮಾತು ಹಾಗಿರಲಿ. ಇಲ್ಲಿ ವಿಚಾರಣೆಯೇ ನಡೆಯದೆ ತೀರ್ಪು ಹೊರಬಿದ್ದಿರುತ್ತದೆ. ತಟ್ಟೆ ಬಿಟ್ಟ ಬೆಕ್ಕಿನ ಮನಸ್ಸಿನಲ್ಲಿ ಸೇಡೆಂಬುದು ಇರುವುದಿಲ್ಲ. ಅದಕ್ಕೆ ಎಲ್ಲಿಯೋ ನೋವಿದೆ, ಇಲ್ಲವೇ ಯಾವುದರದೋ ಭಯವಿದೆ, ಇಲ್ಲವೇ ಆ ತಟ್ಟೆಯೇ ಅದಕ್ಕೆ ಹೇಸಿಗೆಯಾಗಿದೆ. ಮೂರರಲ್ಲಿ ಮೊದಲನೆಯದು ಕೆಲವೊಮ್ಮೆ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವಂಥದು.

ಮಣ್ಣಿನಲ್ಲಿ ಗುಳಿ ತೋಡಿ, ಕೆಲಸ ಮುಗಿಸಿ, ಮುಚ್ಚಿ ಹೋಗುವುದನ್ನು ಬೆಕ್ಕಿಗೆ ಯಾರೂ ಕಲಿಸಿದ್ದಲ್ಲ. ಸುಮಾರು ನಾಲ್ಕು ವಾರದ ಮರಿ ಸಡಿಲವಾದ ಮಣ್ಣನ್ನು ಕಂಡರೆ ತಾಯಿ ತೋರಿಸಿಕೊಡದೆಯೂ ಕೆದಕತೊಡಗುತ್ತದೆ. ಇದು ವಂಶದಿಂದ ಬಂದ ನಡವಳಿಕೆ. ಲೋಕದ ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯದ ಒಣನೆಲಗಳ ಕಾಡುಬೆಕ್ಕಿನ ಸಂತಾನವೆಂಬುದನ್ನು 2007ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಗೋರಿಯೊಂದರ ಪಕ್ಕದಲ್ಲಿ, ಮನುಷ್ಯನ ಜೊತೆಗಾರನೆಂಬಂತೆ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿಯನ್ನು ಫ್ರಾನ್ಸಿನ ಪುರಾತತ್ತ್ವಜ್ಞರು 2004ರಲ್ಲಿ ಪ್ರಕಟಿಸಿದ್ದರು. ಮರುಭೂಮಿಯ ಅಂಚಿನಿಂದ ಬಂದ ಜೀವವಾದುದರಿಂದಲೇ ಬೆಕ್ಕು ನೀರು ಕುಡಿಯುವುದು ಕಡಿಮೆ. ಅದರ ಮೂತ್ರ ಗಾಢ. ಅದರ ಪಾದಕ್ಕೆ ಹಿತವಾದುದು ಒಣಮರಳು. ಹಳೆಯ ಕಾಲದ ಕನ್ನಡ ಮನೆಗಳಲ್ಲಿ ಇವೆಲ್ಲ ತಾವಾಗಿಯೇ ಒದಗಿಬರುತ್ತಿದ್ದುವು. ಹಿತ್ತಿಲಲ್ಲಿ ಬಚ್ಚಲೊಲೆಯ ಬೂದಿಯ ಗುಡ್ಡೆ, ತೆಂಗಿನ ಬುಡದ ಸಡಿಲ ಮಣ್ಣು, ಮನೆ ಕಟ್ಟಲೆಂದು ಬೀದಿಯಲ್ಲಿ ತಂದು ಸುರಿದ ಹೊಳೆಯ ಮರಳು. ಬೆಕ್ಕು ಎಲ್ಲಿಗೆ ಹೋಗಿ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಆ ಮರಳನ್ನು ಜರಡಿ ಹಿಡಿಯುವ ಗಾರೆಯವನು ಮಾತ್ರ ಕೇಳುತ್ತಿದ್ದ.

ಆ ಮರಳು ಪೊಟ್ಟಣ ಸೇರಿ ಮನೆಯೊಳಗೆ ಬಂದ ಕಥೆ ಅಮೆರಿಕದ್ದು. 1947ರ ಜನವರಿಯಲ್ಲಿ, ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ, ನೆರೆಮನೆಯ ಹೆಂಗಸೊಬ್ಬಳು ಎಡ್ವರ್ಡ್ ಲೋ ಎಂಬ ತರುಣನಲ್ಲಿಗೆ ಮರಳು ಕೇಳಿಕೊಂಡು ಬಂದಳು. ಬೆಕ್ಕಿನ ಪೆಟ್ಟಿಗೆಗೆ ಹಾಕುತ್ತಿದ್ದ ಮರಳು ಚಳಿಗೆ ಹೆಪ್ಪುಗಟ್ಟಿತ್ತು. ಬೂದಿ ಹಾಕಿ ನೋಡಿದರೆ ಮನೆಯ ತುಂಬ ಬೆಕ್ಕಿನ ಹೆಜ್ಜೆ. ಲೋ ತನ್ನ ತಂದೆಯ ವ್ಯಾಪಾರದಲ್ಲಿದ್ದ, ತೇವವನ್ನು ಹೀರುವ ಜೇಡಿಮಣ್ಣಿನ ಹರಳನ್ನು ಕೊಟ್ಟ. ಹೆಂಗಸರು ಮುಖಕ್ಕೆ ಲೇಪಿಸಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಆ ಮಣ್ಣು. ಮುಂದೆ ಅದನ್ನೇ ಐದು ಪೌಂಡಿನ ಚೀಲಗಳಲ್ಲಿ ತುಂಬಿ ಚೀಲಕ್ಕೆ 65 ಸೆಂಟಿನಂತೆ ಮಾರಹೊರಟಾಗ, ಮರಳು ಇಷ್ಟು ಅಗ್ಗವಾಗಿ ಸಿಗುವಾಗ ಇದನ್ನು ಕೊಳ್ಳುವವರಾರು ಎಂದು ಅಂಗಡಿಯವನು ಅನುಮಾನಿಸಿದ. ಹಾಗಾದರೆ ಪುಕ್ಕಟೆ ಕೊಡಿ ಎಂದ ಲೋ. ಪುಕ್ಕಟೆ ಒಯ್ದವರು ತಿರುಗಿ ಬಂದು ಹಣ ಕೊಟ್ಟು ಕೊಂಡರು. ಒದ್ದೆಯಾದೊಡನೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿ ಬಳಕೆಗೆ ಬಂದುದು 1980ರ ದಶಕದಲ್ಲಿ, ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿಯಿಂದ. ಭಾರತದಲ್ಲಿ ಈ ಜೇಡಿಯನ್ನು ಕಚ್ಛಿನಲ್ಲಿಯೂ ರಾಜಸ್ಥಾನದ ಬಾಡಮೇರಿನಲ್ಲಿಯೂ ಅಗೆಯುತ್ತಾರೆ. ಅಂಗಡಿಯವರು 'ಲಿಟರ್' ಎಂದು ಕರೆಯುವುದು ಇದನ್ನೇ. ಹೀಗೆ ಬೆಕ್ಕು ಮನೆಯೊಳಗಿನದಾಯಿತು. ಆದರೆ ಒಂದು ಜಾಗ ಹೊಲಸಾದರೆ ಇನ್ನೊಂದು ಜಾಗವೆಂದು ಹಿತ್ತಿಲಲ್ಲಿ ಅದಕ್ಕಿದ್ದ ಸ್ವಾತಂತ್ರ್ಯ ಒಂದೂವರೆ ಅಡಿಯ ತಟ್ಟೆಗೆ ಇಳಿಯಿತು. ಎಲ್ಲ ತೊಡಕಿನ ಬೇರು ಅಲ್ಲಿದೆ.

ಬೆಕ್ಕು ತಟ್ಟೆ ಬಿಟ್ಟ ದಿನ, ಹಾಸಿಗೆಯನ್ನು ನೋಡುವ ಮೊದಲು ಬೆಕ್ಕನ್ನು ನೋಡಬೇಕು. ಅದು ಗಂಡಾಗಿದ್ದರಂತೂ ತಪ್ಪದೆ ನೋಡಬೇಕು. ಗಂಡುಬೆಕ್ಕಿನ ಮೂತ್ರನಾಳ ಉದ್ದವಾದುದು, ತುದಿಯ ಕಡೆಗೆ ಬಹಳ ಕಿರಿದಾದುದು. ಮೂತ್ರಕೋಶದಲ್ಲಿ ಉರಿಯೂತವಾಗಿ, ಸಣ್ಣ ಹರಳುಗಳೂ ಲೋಳೆಯೂ ಸೇರಿ ಬಿರಡೆಯಂತಾಗಿ ಆ ನಾಳದಲ್ಲಿ ಸಿಕ್ಕಿಕೊಂಡರೆ ಮೂತ್ರ ಸಂಪೂರ್ಣವಾಗಿ ಕಟ್ಟಿಹೋಗುತ್ತದೆ. ಬೆಕ್ಕು ಮೇಲಿಂದ ಮೇಲೆ ತಟ್ಟೆಗೆ ಹೋಗುತ್ತದೆ, ಕುಕ್ಕರಿಸಿ ತಿಣುಕುತ್ತದೆ. ಒಂದು ಹನಿಯೂ ಬಾರದು. ಅಲ್ಲಿಂದ ಎದ್ದು ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ಹಿಂಭಾಗವನ್ನು ನೆಕ್ಕಿಕೊಳ್ಳುತ್ತದೆ, ಎಂದೂ ಕೇಳದ ದನಿಯಲ್ಲಿ ಕೂಗುತ್ತದೆ. ಊಟ ಬಿಟ್ಟು ವಾಂತಿ ಮಾಡತೊಡಗಿತೆಂದರೆ ಸ್ಥಿತಿ ಕೈಮೀರುತ್ತಿದೆಯೆಂದೇ ಅರ್ಥ. ಮೂತ್ರದೊಡನೆ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು.

ಮನೆಯವರ ಕಣ್ಣಿಗೆ ಬೀಳುವುದು ಆ ತಿಣುಕಾಟವೊಂದೇ. ಮಲಬದ್ಧತೆಯಾಗಿದೆ, ಒಂದು ಚಮಚ ಹರಳೆಣ್ಣೆ ಕುಡಿಸಿದರೆ ಬೆಳಗಾಗುವುದರೊಳಗೆ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮನುಷ್ಯರ ಕೂಸಿಗೆ ಒದಗಿಬಂದ ಅನುಭವವನ್ನು ಅವರು ಬೆಕ್ಕಿಗೂ ಅನ್ವಯಿಸುತ್ತಾರೆ. ಅದರಲ್ಲಿ ಪ್ರೀತಿಯಿದೆ, ಆದರೆ ಆ ರಾತ್ರಿಯನ್ನು ಕಳೆಯುವಷ್ಟು ವ್ಯವಧಾನ ಬೆಕ್ಕಿಗೆ ಇರುವುದಿಲ್ಲ. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆಯನ್ನು ಹಾಯಿಸಿ ತಡೆಯನ್ನು ತೆಗೆಯುವ ಚಿಕಿತ್ಸೆ ಪಶುವೈದ್ಯರಲ್ಲಿ ಉಂಟು. ಅರ್ಧ ರಾತ್ರಿಯಾದರೂ ಸರಿಯೆ, ಬಾಗಿಲು ತೆರೆದಿರುವ ಆಸ್ಪತ್ರೆಯನ್ನು ಹುಡುಕಿ ಒಯ್ಯಬೇಕಾದ ಕಾಯಿಲೆಯಿದು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ನೋವೆಂದು ತಿಳಿದು ಕರುಣೆಯಿಂದ ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನು ಹಾಲಿನಲ್ಲಿ ಅರೆದು ಕುಡಿಸುವವರುಂಟು. ಮನುಷ್ಯರ ಯಕೃತ್ತು ಆ ಔಷಧವನ್ನು ಅರಗಿಸುವ ಬಗೆಯಲ್ಲಿ ಬೆಕ್ಕಿನ ಯಕೃತ್ತು ಅರಗಿಸಲಾರದು. ದೊಡ್ಡವರು ತಲೆನೋವಿಗೆ ನುಂಗುವ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು.

ನಾಳ ಕಟ್ಟದಿದ್ದರೂ ಉರಿಯೂತದ ಬಾಧೆ ಇರಬಹುದು. ಅಲ್ಲಲ್ಲಿ ಸ್ವಲ್ಪ ಸ್ವಲ್ಪವಾಗಿ, ಒಮ್ಮೊಮ್ಮೆ ರಕ್ತದ ಛಾಯೆಯೊಡನೆ ಮೂತ್ರ ಮಾಡುವ ಬೆಕ್ಕುಗಳು ಈ ಜಾತಿಯವು. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಇಂಥ ಪ್ರಕರಣಗಳ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಲ್ಲೂ ಇರದು, ಸೋಂಕೂ ಇರದು. ಹಾಗಾದರೆ ಕಾರಣವೇನು? ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ 32 ಬೆಕ್ಕುಗಳನ್ನು 77 ವಾರಗಳ ಕಾಲ ಗಮನಿಸಿ 2011ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 20 ಈ ಬೇನೆಯವು, 12 ಆರೋಗ್ಯವಂತವು. ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ, ನಿತ್ಯದ ಕ್ರಮ ಕೆಟ್ಟಾಗ ರೋಗಿಗಳು ಮಾತ್ರವಲ್ಲ, ಆರೋಗ್ಯವಂತ ಬೆಕ್ಕುಗಳೂ ಊಟ ಬಿಟ್ಟುವು, ವಾಂತಿ ಮಾಡಿದುವು, ತಟ್ಟೆಯ ಹೊರಗೆ ಕೊಳೆ ಮಾಡಿದುವು. ಮನೆಯಲ್ಲಿ ಮದುವೆಯ ಗಲಾಟೆ, ಹದಿನೈದು ದಿನ ತಂಗಿದ ನೆಂಟರು, ಸುಣ್ಣಬಣ್ಣ, ಅಕ್ಕಪಕ್ಕದಲ್ಲಿ ದೀಪಾವಳಿಯ ಪಟಾಕಿ, ಇವುಗಳ ಹಿಂದೆಯೇ ಬೆಕ್ಕು ಕೆಟ್ಟಿತೆಂದು ದೂರು ಬರುವುದರ ಗುಟ್ಟು ಇದೇ. ಸಭೆಯಲ್ಲಿ ಮಗ ಹೇಳಿದ ಸಿನಿಮಾದ ಮಾತಿನಲ್ಲಿಯೂ ಎಳ್ಳಷ್ಟು ಸತ್ಯವಿತ್ತೆನ್ನಬೇಕು. ಅದು ಸಿಟ್ಟೆಂದದ್ದು ಮಾತ್ರ ತಪ್ಪು.

ಬೆಕ್ಕಿಗೂ ಮುಪ್ಪು ಬರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಹನ್ನೆರಡು ವರ್ಷ ದಾಟಿದ 100 ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ 90 ಬೆಕ್ಕುಗಳ ಕೀಲುಗಳು ಸವೆದಿದ್ದುವು. ಮೊಳಕಾಲು ನೋಯುವ ಅಜ್ಜಿ ಬಚ್ಚಲ ಹೊಸ್ತಿಲನ್ನು ದಾಟಲು ಎಷ್ಟು ಹಿಂಜರಿಯುತ್ತಾರೋ, ಆರು ಅಂಗುಲದ ಅಂಚನ್ನು ಹಾರಿ ತಟ್ಟೆಗೆ ಇಳಿಯಲು ಮುದಿಬೆಕ್ಕೂ ಅಷ್ಟೇ ಹಿಂಜರಿಯುತ್ತದೆ. ಮಧುಮೇಹ, ಮೂತ್ರಪಿಂಡದ ಸವಕಲು ಮುಂತಾದ ಮುಪ್ಪಿನ ರೋಗಗಳಲ್ಲಿ ಮೂತ್ರದ ಪ್ರಮಾಣವೇ ಹೆಚ್ಚಿ, ತಟ್ಟೆ ಮುಟ್ಟುವಷ್ಟರಲ್ಲಿ ತಡೆಯಲಾರದೆ ಹೋಗುವುದೂ ಉಂಟು.

ರೋಗ ಗುಣವಾದ ಮೇಲೆಯೂ ಬೆಕ್ಕು ತಟ್ಟೆಗೆ ಮರಳದಿದ್ದರೆ ಅಚ್ಚರಿಪಡಬೇಕಾಗಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಕೃಷ್ಣದೇವರಾಯ ಬೆಕ್ಕು ಸಾಕಲೆಂದು ಕೊಟ್ಟ ಹಸುವಿನ ಹಾಲನ್ನು ಕುದಿಕುದಿಯುವಂತೆಯೇ ಮುಂದಿಟ್ಟು, ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ತಣ್ಣನೆಯ ಹಾಲನ್ನು ಕಂಡರೂ ಓಡುವಂತೆ ಮಾಡಿದ ಆ ಚತುರ. ಸುಟ್ಟದ್ದು ಕಾವು; ಬೆಕ್ಕು ದೂರಿದ್ದು ಹಾಲನ್ನು. ತಟ್ಟೆಯ ವಿಚಾರದಲ್ಲಿಯೂ ಹೀಗೆಯೇ. ನೋವು ಮೂತ್ರಕೋಶದ್ದು, ಆದರೆ ಅದು ಕಾಣಿಸಿಕೊಂಡದ್ದು ತಟ್ಟೆಯಲ್ಲಿ ಕುಳಿತಾಗ. ತಟ್ಟೆಯೇ ನೋಯಿಸಿತೆಂದು ಬೆಕ್ಕು ತಿಳಿದು ಬೇರೆ ಜಾಗವನ್ನು ಹುಡುಕುತ್ತದೆ; ಮೆತ್ತನೆಯ ಹಾಸಿಗೆ ಅಲ್ಲಿಯೇ ಇದೆ. ಮೂಗನ್ನು ಹಿಡಿದು ಗಲೀಜಿಗೆ ಉಜ್ಜುವ, ಪೊರಕೆಯಿಂದ ಬಡಿಯುವ ಶಿಕ್ಷೆಗಳು ಏಕೆ ನಿಷ್ಫಲವೆಂಬುದೂ ಇದರಿಂದಲೇ ತಿಳಿಯುತ್ತದೆ. ಬಡಿದವರನ್ನು ಕಂಡರೆ ಭಯಪಡಬೇಕೆಂಬ ಒಂದೇ ಪಾಠವನ್ನು ಬೆಕ್ಕು ಕಲಿಯುತ್ತದೆ. ನಾಳೆಯಿಂದ ಅವರ ಕಣ್ಣಿಗೆ ಬೀಳದಂತೆ ಬೀರುವಿನ ಹಿಂದೆ ಹೋಗುತ್ತದೆ.

ಗೋಡೆಗೆ ಬೆನ್ನು ಮಾಡಿ ನಿಂತು, ಬಾಲವನ್ನು ನೆಟ್ಟಗೆತ್ತಿ ಅದುರಿಸುತ್ತ ಸಿಂಪಡಿಸುವ ಬೆಕ್ಕಿನ ಸಂಗತಿ ಬೇರೆ. ಅದು ತನ್ನ ಎಲ್ಲೆಯನ್ನು ಗುರುತಿಸುವ ಕ್ರಮ. ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಗಂಡುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳು ಇದನ್ನು ಬಿಡುತ್ತವೆ ಇಲ್ಲವೇ ಬಹಳ ಕಡಿಮೆ ಮಾಡುತ್ತವೆ.

ವೈದ್ಯರು ದೇಹದಲ್ಲಿ ದೋಷವಿಲ್ಲವೆಂದರೆ ವಿಚಾರಣೆ ತಟ್ಟೆಯ ಕಡೆಗೆ ತಿರುಗಬೇಕು. ಮೊದಲ ಪ್ರಶ್ನೆ, ಅದನ್ನು ತೊಳೆದು ಎಷ್ಟು ದಿನವಾಯಿತು? ಈ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಉತ್ತರ ಬರುವುದಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಮಗ ಮಾಡಿದ್ದಾನೆಂದು ತಾಯಿ, ತಾಯಿ ಮಾಡಿದ್ದಾರೆಂದು ಮಗ, ಕೆಲಸದಾಕೆ ಮಾಡಿರಬೇಕೆಂದು ಯಜಮಾನರು. ಕೆಲಸದಾಕೆಯಂತೂ ಬಂದ ಮೊದಲ ದಿನವೇ "ಅದೊಂದು ನನ್ನ ಕೈಲಾಗಕಿಲ್ಲ ಅಮ್ಮಾ" ಎಂದು ಸ್ಪಷ್ಟಪಡಿಸಿರುತ್ತಾಳೆ. ಮನುಷ್ಯನ ಮೂಗಿಗೆ ವಾಸನೆ ಬಡಿಯುವ ಎಷ್ಟೋ ಮೊದಲೇ ಬೆಕ್ಕಿನ ಮೂಗಿಗೆ ಅದು ಅಸಹನೀಯವಾಗಿರುತ್ತದೆ. ತೂತುಗಳುಳ್ಳ ಸೌಟಿನಿಂದ ದಿನಕ್ಕೊಮ್ಮೆಯಾದರೂ ಗಲೀಜನ್ನು ತೆಗೆಯಬೇಕು. ಆಗಾಗ ಇಡೀ ಮಣ್ಣನ್ನು ಬದಲಿಸಿ, ವಾಸನೆಯಿಲ್ಲದ ಸಾಬೂನಿನಿಂದ ತಟ್ಟೆಯನ್ನು ತೊಳೆಯಬೇಕು. ಉಂಡೆಗಟ್ಟುವ ಜೇಡಿಯನ್ನು ಸಂಡಾಸಿಗೆ ಸುರಿದರೆ ಕೊಳಾಯಿಯವನಿಗೆ ಕೆಲಸ ಕೊಟ್ಟಂತೆ.

ಎರಡನೆಯದು ಅಳತೆ. ಅಮೆರಿಕದ ಬೆಕ್ಕುವೈದ್ಯರ ಸಂಘವೂ ಅಂತರರಾಷ್ಟ್ರೀಯ ಸಂಸ್ಥೆಯೊಂದೂ ಕೂಡಿ ಈ ವಿಷಯವಾಗಿಯೇ 2014ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವಿದೆಯೋ ಅದರ ಒಂದೂವರೆಯಷ್ಟು ಉದ್ದವಾಗಿ ತಟ್ಟೆ ಇರಬೇಕು. ಅಂಗಡಿಯಲ್ಲಿ ಮಾರುವ ತಟ್ಟೆಗಳಲ್ಲಿ ಅನೇಕವು ಮರಿಗಳ ಅಳತೆಯವು. ಮರಿಯಿದ್ದಾಗ ತಂದ ತಟ್ಟೆಯಲ್ಲಿಯೇ ನಾಲ್ಕೂವರೆ ಕಿಲೋ ತೂಗುವ ಬೆಕ್ಕು ಸುತ್ತಲು ಹೆಣಗುತ್ತಿರುತ್ತದೆ. ಹೊದಿಕೆ ಕಂಬಳಿ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಪಕ್ಕವನ್ನು ತಗ್ಗಾಗಿ ಕತ್ತರಿಸಿ, ಅಂಚನ್ನು ನಯಮಾಡಿದರೆ ಕಡಮೆ ಖರ್ಚಿನಲ್ಲಿ ಮುದಿಬೆಕ್ಕಿಗೂ ಅನುಕೂಲವಾದ ತಟ್ಟೆಯಾಗುತ್ತದೆ. ತಟ್ಟೆಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು. ಎರಡು ಬೆಕ್ಕಿದ್ದಲ್ಲಿ ಮೂರು ತಟ್ಟೆ, ಅವೂ ಬೇರೆ ಬೇರೆ ಜಾಗಗಳಲ್ಲಿ. ಏಕೆಂದರೆ ಬಲವಾದ ಬೆಕ್ಕು ಹಾದಿಗೆ ಅಡ್ಡ ಕುಳಿತು, ದುರ್ಬಲವಾದುದನ್ನು ಸುಂಕದ ಕಟ್ಟೆಯವನಂತೆ ತಡೆಯುತ್ತದೆ. ಎರಡು ಕೋಣೆಯ ಮನೆಯಲ್ಲಿ ಮೂರು ತಟ್ಟೆ ಎಂದರೆ ಯಜಮಾನರ ಹುಬ್ಬೇರುವುದು ಸಹಜ. ಆದರೆ ಹಾಸಿಗೆ ಹೊಲಿಸುವ ಖರ್ಚನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕು.

ಮಣ್ಣಿನ ವಿಚಾರದಲ್ಲಿ ಬೆಕ್ಕು ಹಳೆಯ ಸಂಪ್ರದಾಯಸ್ಥ. ನುಣುಪಾದ, ಮರಳಿನಂಥ, ಯಾವ ಪರಿಮಳವೂ ಇಲ್ಲದ ಮಣ್ಣನ್ನು ಅವು ಸಾಮಾನ್ಯವಾಗಿ ಮೆಚ್ಚುತ್ತವೆ. ಲ್ಯಾವೆಂಡರ್, ನಿಂಬೆ ಮುಂತಾದ ಸುವಾಸನೆ ಬೆರೆಸಿದ ಪೊಟ್ಟಣಗಳು ಕೊಳ್ಳುವವರ ಮೂಗಿಗಾಗಿ ತಯಾರಾದುವು. ಜರಡಿ ಹಿಡಿದು ಬಿಸಿಲಿಗೊಣಗಿಸಿದ ಮರಳು ಇಂದಿಗೂ ನಡೆಯುತ್ತದೆ; ಭಾರ ಹೆಚ್ಚು, ಹೀರುವ ಶಕ್ತಿ ಕಡಮೆ ಎಂಬುದಷ್ಟೇ ದೋಷ. ಸೌದೆಯ ಬೂದಿ ಬೇಡ. ಒದ್ದೆಯಾದ ಬೂದಿ ಕ್ಷಾರವಾಗಿ ಪಾದವನ್ನು ಉರಿಸುತ್ತದೆ, ಆ ಪಾದವನ್ನೇ ಬೆಕ್ಕು ನೆಕ್ಕುತ್ತದೆ. ದಿನಪತ್ರಿಕೆಯನ್ನು ಸಣ್ಣಗೆ ಹರಿದು ಹಾಕುವವರೂ ಇದ್ದಾರೆ. ಬಡಪಾಯಿ ಬೆಕ್ಕು ಹೊಂದಿಕೊಂಡರೆ ಸರಿ. ವಾರಪತ್ರಿಕೆಗಳ ನುಣುಪು ಹೊದಿಕೆ ಮಾತ್ರ ಈ ಕೆಲಸಕ್ಕೆ ಬಾರದು.

ತಟ್ಟೆ ಇಡುವ ಜಾಗವೇ ಮನೆಯಲ್ಲಿ ಹೆಚ್ಚು ಚರ್ಚೆಗೆ ಒಳಗಾಗುವುದು. ನಡುಮನೆಯಲ್ಲಿ ಬೇಡ, ನಾಲ್ಕು ಜನ ಬಂದು ಹೋಗುವ ಜಾಗ. ದೇವರ ಕೋಣೆಯ ಹತ್ತಿರ ಮಾತೇ ಇಲ್ಲ. ಅಡಿಗೆಮನೆ ದೂರ. ಕೊನೆಗೆ ಯುಟಿಲಿಟಿ ಎಂದು ಕಟ್ಟಡದವರು ಹೆಸರಿಟ್ಟಿರುವ ಹಿಂಬದಿಯ ಇಕ್ಕಟ್ಟಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ತಟ್ಟೆ ಸೇರುತ್ತದೆ. ಬೆಕ್ಕು ಕುಕ್ಕರಿಸಿದ ಗಳಿಗೆಯಲ್ಲಿಯೇ ಆ ಯಂತ್ರ ಗಡಗಡನೆ ನಡುಗಿ ತಿರುಗತೊಡಗಿತೆಂದರೆ ಅದು ಮತ್ತೆ ಅತ್ತ ಸುಳಿಯದು. ಬಾಲ್ಕನಿಯಲ್ಲಿಟ್ಟರೆ ಆಷಾಢದ ಎರಚಲಿಗೆ ಮಣ್ಣು ಕೆಸರಾಗುತ್ತದೆ. ಕೆಸರಿನಲ್ಲಿ ಬೆಕ್ಕು ಕಾಲಿಡದು. ಊಟದ ಬಟ್ಟಲಿನ ಮಗ್ಗುಲಲ್ಲಿ ಇಟ್ಟರೂ ಅದಕ್ಕೆ ಒಪ್ಪಿಗೆಯಿಲ್ಲ, ಈ ವಿಷಯದಲ್ಲಿ ಅದರ ಮಡಿ ಅಜ್ಜಿಯ ಮಡಿಗೆ ಕಡಮೆಯದಲ್ಲ. ಸದ್ದಿಲ್ಲದ, ಒಣಗಿದ, ಯಾರಾದರೂ ಬಂದರೆ ತಪ್ಪಿಸಿಕೊಳ್ಳಲು ಎರಡು ದಾರಿಗಳಿರುವ ಜಾಗ ಬೇಕು. ಹಗಲೂ ರಾತ್ರಿಯೂ ಆ ಕೋಣೆಯ ಬಾಗಿಲು ತೆರೆದಿರಬೇಕು. ರಾತ್ರಿ ಕಳ್ಳಕಾಕರ ಭಯಕ್ಕೆ ಹಿಂಬಾಗಿಲನ್ನು ಭದ್ರಪಡಿಸಿ ಮಲಗಿ, ಬೆಳಿಗ್ಗೆ ಎದ್ದು ಬೆಕ್ಕನ್ನು ಬಯ್ಯುವ ಮನೆಗಳೂ ಇವೆ.

ಕೊಳೆಯಾದ ಜಾಗವನ್ನು ಸಾರಿಸುವ ಕೆಲಸದಲ್ಲಿ ಮನೆಯವರ ಕೈ ತಾನಾಗಿಯೇ ಫಿನಾಯಿಲ್ ಸೀಸೆಗೆ ಹೋಗುತ್ತದೆ. ಅದು ಹೋಗಬಾರದು. ಪ್ಯಾರಸಿಟಮಾಲನ್ನು ಅರಗಿಸಲಾರದ ಯಕೃತ್ತಿನ ಅದೇ ಕೊರತೆ ಫಿನಾಲ್ ಜಾತಿಯ ವಸ್ತುಗಳಿಗೂ ಅನ್ವಯಿಸುತ್ತದೆ. ಕಪ್ಪು ಫಿನಾಯಿಲ್ ಸಾರಿಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದ ಬೆಕ್ಕಿಗೆ ಅದು ವಿಷ. ಅಮೋನಿಯ ಬೆರೆತ ದ್ರಾವಣಗಳೂ ಸಲ್ಲವು. ಅವುಗಳ ವಾಸನೆ ಮೂತ್ರದ ವಾಸನೆಯನ್ನೇ ಹೋಲುವುದರಿಂದ ಮತ್ತೆ ಅಲ್ಲಿಗೇ ಕರೆಕೊಟ್ಟಂತಾಗುತ್ತದೆ. ಒಡನೆಯೇ ಒತ್ತಿ ಒರಸಿ, ಪ್ರಾಣಿಗಳ ಕೊಳೆಗೆಂದೇ ಮಾರುವ ಕಿಣ್ವದ ದ್ರಾವಣದಿಂದ ನೆನೆಸಿ ಒಣಗಲು ಬಿಡುವುದು ಉತ್ತಮ. ಗಂಡುಬೆಕ್ಕಿನ ಮೂತ್ರದಲ್ಲಿ ಗಂಧಕವುಳ್ಳ ಫೆಲಿನಿನ್ ಎಂಬ ಅಮೈನೊ ಆಮ್ಲವಿದೆ. ಹೊತ್ತು ಹೋದಂತೆ ಅದು ಒಡೆದು ವಾಸನೆ ಏರುತ್ತದೆ. ಹಳೆಯದಾದಷ್ಟೂ ಹೋಗಲಾಡಿಸುವುದು ಕಷ್ಟ.

ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬರುವ ಸಮಯದಲ್ಲಿ ಬೆಕ್ಕಿನ ವಿರುದ್ಧದ ಹಳೆಯ ದೂರುಗಳೆಲ್ಲ ಮತ್ತೆ ತಲೆಯೆತ್ತುತ್ತವೆ. ಈ ಭಯ ನಿರಾಧಾರವಲ್ಲ. ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಬೆಕ್ಕಿನ ಮಲದ ಮೂಲಕ ಹರಡಬಲ್ಲುದು. ಬಸಿರಿನಲ್ಲಿ ಹೊಸದಾಗಿ ತಗುಲಿದರೆ ಶಿಶುವಿಗೆ ಅಪಾಯ. ಆದರೆ ಮಲದೊಡನೆ ಹೊರಬಿದ್ದ ಮೇಲೆ ಅದು ಸೋಂಕು ತಗುಲಿಸುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆದಕಾರಣ ದಿನದಿನವೂ ತಟ್ಟೆಯನ್ನು ಶುಚಿಮಾಡುವುದು, ಆ ಕೆಲಸವನ್ನು ಬಸಿರಿಯ ಬದಲು ಬೇರೊಬ್ಬರು ಮಾಡುವುದು, ಬೆಕ್ಕಿಗೆ ಹಸಿಮಾಂಸ ಹಾಕದಿರುವುದು, ಇವುಗಳಿಂದ ಅಪಾಯ ಬಹಳ ತಗ್ಗುತ್ತದೆ. ತೊಳೆಯದ ಸೊಪ್ಪು, ಅರೆಬೆಂದ ಮಾಂಸ, ತೋಟದ ಮಣ್ಣುಗಳಿಂದಲೂ ಇದೇ ಸೋಂಕು ಬರುವುದುಂಟು. ತಟ್ಟೆ ಬಿಟ್ಟು ಮನೆಯ ಮೂಲೆಮೂಲೆಗಳನ್ನು ಹುಡುಕುವ ಬೆಕ್ಕಾದರೆ, ದಿನದಿನ ಶುಚಿಮಾಡುವುದು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಾಗಿಯಾದರೂ ಅದನ್ನು ತಟ್ಟೆಗೆ ಮರಳಿಸುವ ಕೆಲಸವನ್ನು ಏಳನೆಯ ತಿಂಗಳಿಗೆ ಮೊದಲೇ ಆರಂಭಿಸಬೇಕು.

ಮರಳಿಸುವ ಬಗೆ ಹೀಗೆ. ಎರಡು ವಾರಗಳ ಮಟ್ಟಿಗೆ ಬೆಕ್ಕಿಗೆ ಒಂದು ಕೋಣೆಯನ್ನು ಬಿಟ್ಟುಕೊಡಬೇಕು. ಅಲ್ಲಿ ಊಟ, ನೀರು, ಮಲಗುವ ಜಾಗ, ಅವುಗಳಿಂದ ದೂರಕ್ಕೆ ಎರಡು ತಟ್ಟೆ. ಒಂದರಲ್ಲಿ ಜೇಡಿ, ಇನ್ನೊಂದರಲ್ಲಿ ಮರಳು. ಯಾವುದನ್ನು ಬಳಸಿತೆಂಬುದನ್ನು ನೋಡಿ ಅದನ್ನೇ ಉಳಿಸಬೇಕು. ನೋವಿನ ನೆನಪು ಅಂಟಿರುವ ಹಳೆಯ ತಟ್ಟೆಯನ್ನು ಎಸೆದು ಬೇರೆ ಆಕಾರದ ಹೊಸತನ್ನು ತರುವುದು ಲೇಸು. ಕೋಣೆ ಬಿಟ್ಟುಕೊಡಲು ಸೌಕರ್ಯವಿಲ್ಲದ ಮನೆಗಳಲ್ಲಿ ತಟ್ಟೆಯೇ ಬೆಕ್ಕಿನ ಹಿಂದೆ ಹೋಗಬೇಕಾಗುತ್ತದೆ. ಅದು ಸೋಫಾದ ಹಿಂದಿನ ಮೂಲೆಯನ್ನು ಆರಿಸಿಕೊಂಡಿದ್ದರೆ ತಟ್ಟೆಯನ್ನು ಆ ಮೂಲೆಯಲ್ಲಿಯೇ ಇಟ್ಟು, ಕೆಲವು ದಿನ ತಪ್ಪದೆ ಬಳಸಿದ ಮೇಲೆ, ದಿನಕ್ಕೆ ಎರಡು ಮೂರು ಅಂಗುಲದಂತೆ ಮನೆಯವರಿಗೆ ಒಪ್ಪಿಗೆಯಾದ ಜಾಗದ ಕಡೆಗೆ ಸರಿಸುತ್ತ ಹೋಗುವುದು. ಒಮ್ಮೆಲೇ ನಾಲ್ಕು ಅಡಿ ಸರಿಸಿದರೆ ಬೆಕ್ಕು ತಿರುಗಿ ಮೂಲೆಗೆ ಹೋಗುತ್ತದೆ, ಎಣಿಕೆ ಮೊದಲಿನಿಂದ. ನಡುಮನೆಯಿಂದ ಯುಟಿಲಿಟಿಗೆ ಇಪ್ಪತ್ತು ಅಡಿಯಾದರೆ, ದಿನಕ್ಕೆ ಮೂರು ಅಂಗುಲದ ಲೆಕ್ಕದಲ್ಲಿ ಎಂಬತ್ತು ದಿನದ ಪ್ರಯಾಣ. ಅಷ್ಟು ದಿನವೂ ಮನೆಗೆ ಬಂದ ನೆಂಟರು ತಟ್ಟೆಯನ್ನು ದಾಟಿಕೊಂಡೇ ಕಾಫಿಗೆ ಕೂರಬೇಕಾಗುತ್ತದೆ.